ಕಾಲರ್ ತಿರುಗಿಸಲು ಬಂದ ಮೇಷ್ಟ್ರು

ಮೇಷ್ಟ್ರನ್ನು ನಾನು ಮೊದಲು ನೋಡಿದ ದಿನ ಅವರು ಕುತ್ತಿಗೆಯನ್ನು ಒಂದು ಪಕ್ಕಕ್ಕೆ ವಾಲಿಸಿಕೊಂಡು ನಮ್ಮ ಅಂಗಡಿಯ ಬಾಗಿಲಲ್ಲಿ ನಿಂತಿದ್ದರು. ನಿದ್ದೆಯಲ್ಲಿ ಉಳುಕಿರಬೇಕು ಎಂದುಕೊಂಡೆ. ಉಳುಕಿರಲಿಲ್ಲ. ಅಂಗಿಯ ಕಾಲರು ಮಡಿಕೆಯ ಹತ್ತಿರ ಸವೆದು, ಒಳಗಿನ ಗಟ್ಟಿ ಬಕ್ರಮ್ ಬಟ್ಟೆ ಹೊರಗೆ ಇಣುಕುತ್ತಿತ್ತು. ಅದು ಕಾಣದಿರಲಿ ಎಂದು ಹಾಗೆ ವಾಲಿಸಿಕೊಂಡಿದ್ದರು.

ನಮ್ಮದು ಕಾಲೇಜಿನ ಹಿಂದಿನ ಬೀದಿ. ನನ್ನ ಯಜಮಾನರು ತೀರಿಕೊಂಡ ಮೇಲೆ ಟೈಲರ್ ಅಂಗಡಿ ನನ್ನ ಕೈಗೆ ಬಂದಿತ್ತು. ಹೊಸ ಬಟ್ಟೆಗೆ ಕತ್ತರಿ ಹಾಕಲು ನನ್ನನ್ನು ನಂಬುವವರು ಆಗ ಕಡಿಮೆ. ಹರಿದದ್ದು, ಬಿಗಿಯಾದದ್ದು, ಅಣ್ಣನದನ್ನು ತಮ್ಮನಿಗೆ ಚಿಕ್ಕದು ಮಾಡುವುದು, ಇಂಥವೇ ಬರುತ್ತಿದ್ದವು. ಬಾಗಿಲಿಗೆ ಅಡ್ಡವಾಗಿ ಕಟಿಂಗ್ ಮೇಜು, ಅದರ ಪಕ್ಕ ಕಾಲಿನಲ್ಲಿ ತುಳಿಯುವ ಮಿಷನ್, ಗೋಡೆಯಲ್ಲಿ ಕನ್ನಡಿ, ಮೂಲೆಯಲ್ಲಿ ಒಂದು ಕುರ್ಚಿ. ಕುರ್ಚಿಯಲ್ಲಿ ನಮ್ಮ ಅತ್ತೆ. ಅತ್ತೆಗೆ ಕಣ್ಣು ಮಂಜಾಗಿತ್ತೇ ಹೊರತು ನಾಲಿಗೆ ಮೊಂಡಾಗಿರಲಿಲ್ಲ.

“ಅಕ್ಕಾ, ಇದನ್ನ ಏನಾದ್ರೂ ಮಾಡೋಕಾಗುತ್ತಾ?” ಎಂದರು ಮೇಷ್ಟ್ರು.

“ಕಾಲರ್ ಬಿಚ್ಚಿ, ತಿರುಗಿಸಿ ಹೊಲಿದುಬಿಟ್ರೆ ಸವೆದಿದ್ದು ಅಡಿಗೆ ಹೋಗುತ್ತೆ. ಹೊಸದರ ಹಾಗೇ ಕಾಣುತ್ತೆ. ನಾಳೆ ಬನ್ನಿ.”

“ನಾಳೆಗಾಗಲ್ಲ. ಇವತ್ತು ಸಂಜೆ ಕಾಲೇಜಲ್ಲಿ ನಂದು ಮೊದಲನೇ ಭಾಷಣ. ಇನ್ನೊಂದು ಅಂಗಿ ಒಗೆದುಹಾಕಿದೀನಿ, ಒಣಗಿಲ್ಲ.”

“ಹಾಗಾದ್ರೆ ಬಿಚ್ಚಿಕೊಡಿ.”

ಅವರು ಹಿಂದೆ ನೋಡಿದರು, ಮುಂದೆ ನೋಡಿದರು. ಅತ್ತೆ ಮೂಲೆಯಿಂದ, “ಯಾರೇ ಅದು?” ಎಂದರು.

“ಕಾಲೇಜಿನ ಹೊಸ ಮೇಷ್ಟ್ರಂತೆ ಅತ್ತೆ.”

“ಬಿಚ್ಚಪ್ಪಾ ಬಿಚ್ಚು. ನನಗೆ ಕಣ್ಣು ಕಾಣಲ್ಲ, ಅವಳಿಗೆ ಕೈತುಂಬಾ ಕೆಲಸ. ನಿನ್ನ ನೋಡೋಕೆ ಇಲ್ಲಿ ಯಾರಿಗೆ ಪುರಸೊತ್ತಿದೆ!”

ಬನಿಯನ್ನಿನಲ್ಲಿ ಕುಳಿತ ಮೇಷ್ಟ್ರು ಕಂಕುಳಲ್ಲಿದ್ದ ಕಾಗದದ ಕಟ್ಟನ್ನು ಎದೆಗೆ ಅಡ್ಡ ಹಿಡಿದುಕೊಂಡರು. ಕೈಯಲ್ಲಿ ಕಾಗದ ಹಿಡಿದು ಸುಮ್ಮನೆ ಕೂರುವುದು ಹೇಗೆ? ಸಂಜೆಯ ಭಾಷಣವನ್ನು ಓದತೊಡಗಿದರು. ಮೊದಲು ಗೊಣಗಿಕೊಂಡಂತೆ, ಆಮೇಲೆ ತರಗತಿಯಲ್ಲಿ ಓದಿದಂತೆ. ನಾನು ಬ್ಲೇಡಿನಲ್ಲಿ ಹೊಲಿಗೆ ಬಿಡಿಸಿ, ಕಾಲರು ತೆಗೆದು, ಇಸ್ತ್ರಿ ಎಳೆದು, ತಿರುಗಿಸಿ ಪಟ್ಟಿಯೊಳಗೆ ಕೂರಿಸಿ ತುಳಿಯತೊಡಗಿದೆ. ‘ಉಳಿತಾಯ ಪ್ರವೃತ್ತಿಯ ಉಲ್ಬಣ’ ಎಂದೇನೋ ಒಂದು ಸಾಲು ಬಂತು. ಅದರ ಉದ್ದ ಎಷ್ಟಿತ್ತೆಂದರೆ ಅದು ಮುಗಿಯುವ ಮೊದಲೇ ಕಾಲರಿನ ಒಂದು ಬದಿ ಮುಗಿದಿತ್ತು. ನನ್ನ ಕಾಲು ನಿಂತಿತು.

“ಯಾಕೆ ನಿಲ್ಲಿಸಿದ್ರಿ ಅಕ್ಕಾ?”

“ಬೇಕೂಂತ ನಿಲ್ಲಿಸ್ಲಿಲ್ಲ ಮೇಷ್ಟ್ರೆ. ನೀವು ಹೇಳಿದ್ದೇನು ಅಂತ ತಲೆ ಆ ಕಡೆ ಹೋಯ್ತು. ಕಾಲು ಇಲ್ಲೇ ನಿಂತ್ಬಿಡ್ತು.”

“ನನಗೂ ತಿಳೀಲಿಲ್ಲ,” ಎಂದರು ಅತ್ತೆ. “ಯಾರಿಗೋ ಕಾಯಿಲೆ ಜೋರಾಗಿದೆ ಅಂತ ಮಾತ್ರ ಗೊತ್ತಾಯ್ತು.”

ಮೇಷ್ಟ್ರು ಗಟ್ಟಿಯಾಗಿ ನಕ್ಕರು. ಎದೆಗೆ ಅಡ್ಡ ಹಿಡಿದಿದ್ದ ಕಾಗದ ಕೆಳಗಿಳಿಯಿತು, ಬನಿಯನ್ನಿನಲ್ಲಿ ಕೂತಿರುವುದು ಅವರಿಗೆ ಮರೆತೇಹೋಯಿತು. “ಕೈಗೆ ಜಾಸ್ತಿ ಬಂದಾಗ ಜನ ಅಷ್ಟನ್ನೂ ಖರ್ಚು ಮಾಡಲ್ಲ, ಒಂಚೂರು ಎತ್ತಿಡ್ತಾರೆ. ಇಷ್ಟು ಹೇಳೋಕೆ ನಾನು ಅಷ್ಟುದ್ದ ಬರೆದಿದೀನಿ ನೋಡಿ,” ಎಂದು ಪೆನ್ಸಿಲಿನಲ್ಲಿ ಆ ಸಾಲಿನ ಕೆಳಗೆ ಗೆರೆ ಎಳೆದರು. ಮತ್ತೆ ಓದಿದರು. ನಾನು ಮತ್ತೆ ತುಳಿದೆ.

ಹೀಗೆ ಶುರುವಾದ ಅಭ್ಯಾಸ ಅದು. ಮೇಷ್ಟ್ರ ವಿಷಯ ಅರ್ಥಶಾಸ್ತ್ರ. ತರಗತಿಗೆ ಓದುವುದಾಗಲಿ, ಪತ್ರಿಕೆಗೆ ಕಳಿಸುವುದಾಗಲಿ, ಬರೆದದ್ದನ್ನು ಮೊದಲು ನಮ್ಮ ಅಂಗಡಿಗೆ ತರುತ್ತಿದ್ದರು. ಮೇಜಿನ ಆಚೆ ಸ್ಟೂಲಿನ ಮೇಲೆ ಕುಳಿತು ಓದುವರು. ನನ್ನ ಕೆಲಸ ನಾನು ಮಾಡಿಕೊಳ್ಳುತ್ತಿದ್ದೆ. ಮಿಷನ್ ನಿಂತ ಕಡೆಯಲ್ಲೆಲ್ಲ ಒಂದು ಗೆರೆ. ಮನೆಗೆ ಹೋಗಿ ಗೆರೆ ಬಿದ್ದ ಸಾಲನ್ನು ಹೊಸದಾಗಿ ಬರೆಯುವರು. ನನ್ನ ಅಭಿಪ್ರಾಯ ಕೇಳುತ್ತಿರಲಿಲ್ಲ, ನಾನೂ ಹೇಳುತ್ತಿರಲಿಲ್ಲ. ಕಾಲು ನಿಂತಿತೋ ಇಲ್ಲವೋ, ಅವರಿಗೆ ಅಷ್ಟೇ ಬೇಕಾಗಿತ್ತು. ಒಮ್ಮೊಮ್ಮೆ ದಾರ ಕಡಿದರೂ ಗೆರೆ ಬೀಳುತ್ತಿತ್ತು.

“ದಾರ ಕಡೀತು ಮೇಷ್ಟ್ರೆ, ನಿಮ್ಮ ತಪ್ಪಲ್ಲ.”

“ಇರಲಿ ಬಿಡಿ, ಆ ಸಾಲೂ ಸ್ವಲ್ಪ ಬಿಗಿಯಾಗೇ ಇತ್ತು.”

ಬೀದಿಯವರು ಮೊದಮೊದಲು ಮೂಗು ಮುರಿದರು. ಅತ್ತೆ ಕೂತಿದ್ದರಿಂದ ಹೆಚ್ಚಿಗೆ ಯಾರೂ ಬಾಯಿ ಬಿಡಲಿಲ್ಲ. ಮೇಷ್ಟ್ರಿಗೆ ಮದುವೆಯಾಗಿ, ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಹೆಂಡತಿ ಬಂದ ಮೇಲೆ ಆ ಮಾತೂ ನಿಂತಿತು. ಆಕೆ ಬಂದ ವಾರದಲ್ಲೇ ಅಂಗಡಿಗೆ ಬಂದು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, “ನಿಮಗೆ ಪುಣ್ಯ ಬರಲಿ ಅಕ್ಕಾ. ನೀವು ಕೇಳದೆ ಹೋಗಿದ್ರೆ ಅದಷ್ಟನ್ನೂ ನಾನು ಕೇಳಬೇಕಿತ್ತು,” ಎಂದಳು. ಆ ದಿನದಿಂದ ನಾವಿಬ್ಬರೂ ಹತ್ತಿರವಾದೆವು.

ಮೇಷ್ಟ್ರು ಮೆಲ್ಲಗೆ ಮೇಲೆ ಬಂದರು. ಮೊದಲು ಪತ್ರಿಕೆಯಲ್ಲಿ ವಾರಕ್ಕೊಂದು ಲೇಖನ. ಆಮೇಲೆ ಸರ್ಕಾರದ ಸಮಿತಿಗಳಲ್ಲಿ ಒಂದು ಕುರ್ಚಿ. ನಡುವೆ ಕೆಲವು ವರ್ಷ ದೂರದ ಒಂದು ದೊಡ್ಡ ಸಂಸ್ಥೆಗೆ ಹೋದರು. ತಿರುಗಿ ಬಂದಾಗ ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು, ಮೈಮೇಲೆ ಕೋಟು ಬಂದಿತ್ತು. ಕೋಟಿನ ಒಳಗಿನ ಅಂಗಿಗೆ ಮಾತ್ರ ನಾನೇ ತಿರುಗಿಸಿದ್ದ ಕಾಲರು. ಆ ಹೊತ್ತಿಗೆ ಅತ್ತೆ ಇರಲಿಲ್ಲ. ಮೇಷ್ಟ್ರು ಮೂಲೆಯ ಖಾಲಿ ಕುರ್ಚಿಯ ಕಡೆ ನೋಡಿದರು. ಆಮೇಲೆ ಸ್ಟೂಲಿನಲ್ಲಿ ಕೂತು, “ಯಾರಿಗೋ ಕಾಯಿಲೆ ಜೋರಾಗಿದೆ ಅನ್ನೋರು ಇನ್ಮೇಲೆ ಯಾರಿದ್ದಾರೆ,” ಎಂದರು.

ಅವರ ಲೇಖನಗಳಲ್ಲೆಲ್ಲ ಒಂದು ಮಾತು ಮತ್ತೆಮತ್ತೆ ಬರುತ್ತಿತ್ತು. ಕರೆಂಟು ತಯಾರಿಸಲು ತಗಲುವ ಖರ್ಚಿಗಿಂತ ಕಡಿಮೆ ಬೆಲೆಗೆ ಅದನ್ನು ಮಾರುತ್ತಿದ್ದಾರೆ. ಹಾಗಾಗಿ ತಂತಿ ಬದಲಿಸಲು, ಹಳೆಯ ಯಂತ್ರ ತೆಗೆಯಲು ದುಡ್ಡಿಲ್ಲ. ಹಾಗಾಗಿ ದಿನಾ ಮಧ್ಯಾಹ್ನ ಕರೆಂಟು ಹೋಗುತ್ತದೆ. ಅಗ್ಗದ ಕರೆಂಟು ಅಂದರೆ ಇಲ್ಲದ ಕರೆಂಟು ಎಂದು ಬರೆಯುತ್ತಿದ್ದರು. ಆ ಸಾಲಿಗೆ ನನ್ನ ಕಾಲು ಯಾವತ್ತೂ ನಿಂತದ್ದಿಲ್ಲ.

ಮಧ್ಯಾಹ್ನ ಕರೆಂಟು ಹೋಗುವುದು ಅಂದರೆ ಏನೆಂದು ನಮ್ಮ ಮನೆಗೆ ಚೆನ್ನಾಗಿ ಗೊತ್ತಿತ್ತು. ನನ್ನ ಮಗ ಪಕ್ಕದ ಮಳಿಗೆ ಹಿಡಿದು ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಸುತ್ತಿದ್ದ. ಎಲ್ಲವೂ ಮೋಟಾರ್ ಮಿಷನ್. ನಡುವಿನ ಗೋಡೆ ತೆಳ್ಳಗಿನದು. ಬೆಳಗಿನಿಂದ ಅವನ ಮಿಷನ್‌ಗಳ ಗುಯ್‌ಗುಟ್ಟುವಿಕೆ ನನ್ನ ಬೆನ್ನ ಹಿಂದೆ ಇರುತ್ತಿತ್ತು. ಮಧ್ಯಾಹ್ನ ಕರೆಂಟು ಹೋದೊಡನೆ ಎಲ್ಲವೂ ಒಟ್ಟಿಗೇ ಸುಮ್ಮನಾಗುತ್ತಿದ್ದವು. ಹೊಲಿಯುವ ಹುಡುಗಿಯರು ಮೆಟ್ಟಿಲ ಮೇಲೆ ಕೂತು ಗಾಳಿ ಬೀಸಿಕೊಳ್ಳುವರು. ನನ್ನ ಹಳೇ ಮಿಷನ್ ಮಾತ್ರ ಟಕಟಕ ಎನ್ನುತ್ತಿತ್ತು. ಮಗ ಬಾಗಿಲಲ್ಲಿ ನಿಂತು, “ಈ ಬೀದೀಲಿ ಮರ್ಯಾದೆಯಿಂದ ಕೆಲಸ ಮಾಡ್ತಿರೋಳು ನೀನೊಬ್ಬಳೇ ಕಣಮ್ಮ,” ಎನ್ನುತ್ತಿದ್ದ.

ಆ ವರ್ಷ ಹೊಸ ಸರ್ಕಾರ ಬಂತು. ಬರೆಯುವುದು ಸಾಕು, ಬಂದು ಮಾಡಿ ತೋರಿಸಿ ಎಂದು ಮೇಷ್ಟ್ರಿಗೆ ವಿದ್ಯುತ್ ಖಾತೆಯ ಮಂತ್ರಿಗಿರಿ ಕೊಟ್ಟರು. ಅವರ ಹೆಂಡತಿ ನನ್ನ ಹತ್ತಿರ ಬಂದು ತಲೆ ಮೇಲೆ ಕೈ ಹೊತ್ತು ಕೂತಳು. “ಮಾಡಿ ತೋರಿಸಿ ಅಂದ್ರಂತೆ. ಇವರಿಗೆ ಅಷ್ಟು ಅಂದ್ರೆ ಸಾಕಲ್ಲ. ಮನೇಲಿ ನಲ್ಲಿ ಸೋರ್ತಿದೆ, ಅದನ್ನ ಮಾಡಿ ತೋರಿಸಿ ಅಂತ ಎಷ್ಟು ದಿನದಿಂದ ನಾನು ಹೇಳ್ತಿದೀನಿ, ಅದು ಕಿವಿಗೇ ಬೀಳಲ್ಲ.”

ನನ್ನ ಮಗನಿಗೆ ಮಾತ್ರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. “ನಮ್ಮ ಮೇಷ್ಟ್ರು! ನಮ್ಮ ಅಂಗಡೀಲಿ ಬನಿಯನ್ನಲ್ಲಿ ಕೂತಿದ್ದೋರು!” ಎಂದು ಬಂದವರಿಗೆಲ್ಲ ಹೇಳಿದ.

ಕೆಲವು ತಿಂಗಳ ಮೇಲೆ ಒಂದು ಬೆಳಿಗ್ಗೆ ಮಂತ್ರಿಗಳ ಕಾರು ಬಂತು. ನಾಳೆ ಶಾಸನಸಭೆಯಲ್ಲಿ ದೊಡ್ಡ ಭಾಷಣ ಇದೆಯಂತೆ, ಕೋಟಿನ ಲೈನಿಂಗ್ ಕಿತ್ತುಬಂದಿದೆಯಂತೆ, ಮೇಷ್ಟ್ರಿಗೆ ಕೆಲಸ ಬಿಟ್ಟು ಬರಲು ಆಗುವುದಿಲ್ಲವಂತೆ. ನಾನು ಕೈಯಲ್ಲಿ ತಿರುಗಿಸುವ ಚಿಕ್ಕ ಮಿಷನ್ ತೆಗೆದುಕೊಂಡು ಹೋದೆ. ಬಾಗಿಲಲ್ಲಿ ಕಾವಲಿನವನು ಚೀಲ ತೆಗೆಸಿದ.

“ಕತ್ತರಿ ಒಳಗೆ ಬಿಡಲ್ಲಮ್ಮ.”

“ಹಾಗಾದ್ರೆ ನೀನೂ ಬಾರಪ್ಪ. ನಾನು ಹೊಲೀತೀನಿ, ನೀನು ದಾರ ಹಲ್ಲಲ್ಲಿ ಕಚ್ಚಿ ಕೊಡು.”

ಅವನು ನಗು ತಡೆದುಕೊಂಡು ನನ್ನನ್ನು ಒಳಗೆ ಬಿಟ್ಟ. ಒಳಗಿನ ಕೋಣೆ ನಮ್ಮ ಬೀದಿಯಷ್ಟು ಉದ್ದ. ಕಾಲು ಹೂತುಹೋಗುವಂಥ ರತ್ನಗಂಬಳಿ ನೆಲಕ್ಕೆ. ಗೋಡೆಗೆ ತಾಗಿ ಗಾಜಿನ ಕಪಾಟುಗಳು. ಮೇಷ್ಟ್ರ ಮೇಜಿನ ಮೇಲೆ ನೀರಿನ ಲೋಟಕ್ಕೆ ಬಟ್ಟೆಯ ಮುಚ್ಚಳ, ಅದರ ಅಂಚಿಗೆ ಮಣಿ ಪೋಣಿಸಿತ್ತು. ಹೊಲಿಗೆ ಚೆನ್ನಾಗಿರಲಿಲ್ಲ. ಪಕ್ಕದಲ್ಲಿ ಅವರ ಕಾರ್ಯದರ್ಶಿ ನಿಂತಿದ್ದ. ನುಣ್ಣಗೆ ಕೂದಲು ಬಾಚಿದ, ಬಹಳ ವಿನಯದ ಮನುಷ್ಯ.

ನಾನು ಕಿಟಕಿಯ ಹತ್ತಿರ ಕೂತು ಕೋಟಿನ ಒಳಬದಿ ಹೊರಮಾಡಿ ಹಿಡಿ ತಿರುಗಿಸತೊಡಗಿದೆ. ಮೇಷ್ಟ್ರು ಓದತೊಡಗಿದರು. ಆ ಭಾಷಣ ಅವರದಲ್ಲ, ಕಚೇರಿಯವರು ಬರೆದುಕೊಟ್ಟದ್ದು. ಸೇವೆಯ ಗುಣಮಟ್ಟ, ಸಮಗ್ರ ಸುಧಾರಣೆ, ಹಂತಹಂತವಾಗಿ ದರಗಳ ಸಮತೋಲನ, ಎಲ್ಲರ ಸಹಕಾರ. ಮೊದಲೆಲ್ಲ ಮೇಷ್ಟ್ರ ಮಾತು ತಿಳಿಯದಿದ್ದರೆ ತಿಳಿಯಬೇಕು ಅನಿಸುತ್ತಿತ್ತು, ಅದಕ್ಕೇ ಕಾಲು ನಿಲ್ಲುತ್ತಿತ್ತು. ಇದು ಹಾಗಲ್ಲ. ತಲೆಯ ಮೇಲೆ ಫ್ಯಾನು ತಿರುಗಿದಂತೆ ತಣ್ಣಗೆ ತಿರುಗುತ್ತಿತ್ತು. ಒಂದು ತೋಳಿನ ಲೈನಿಂಗ್ ಮುಗಿಸಿ ಇನ್ನೊಂದಕ್ಕೆ ಹೋದೆ. ಓದು ಮುಗಿಯಿತು.

“ಎಲ್ಲೂ ನಿಲ್ಲಲಿಲ್ಲ ಸಾರ್!” ಎಂದ ಕಾರ್ಯದರ್ಶಿ. ಅವನಿಗೂ ನಮ್ಮ ಅಭ್ಯಾಸ ತಿಳಿದಿತ್ತು.

ಮೇಷ್ಟ್ರು ನಗಲಿಲ್ಲ. “ಅಕ್ಕಾ, ನಾನೀಗ ಏನು ಹೇಳ್ದೆ?”

“ಏನೋ ಒಳ್ಳೇದೇ ಹೇಳಿದ್ರಿ ಮೇಷ್ಟ್ರೆ.”

“ಕರೆಂಟಿನ ಬೆಲೆ ಏರಿಸ್ತೀನಿ ಅಂತ ಹೇಳ್ದೆ.”

ಹಿಡಿ ತಿರುಗಿಸುತ್ತಿದ್ದ ನನ್ನ ಕೈ ನಿಂತಿತು.

“ಎಷ್ಟು?”

“ಈಗ ಮೂರು ಕೊಡೋರು ಇನ್ಮೇಲೆ ನಾಲ್ಕು ಕೊಡಬೇಕು.”

ನನಗೆ ಗೋಡೆಯಾಚೆಯ ಮೋಟಾರ್‌ಗಳು ನೆನಪಾದವು. ಮೇಷ್ಟ್ರು ನನ್ನ ಕೈಯನ್ನೇ ನೋಡುತ್ತಿದ್ದರು. ಆಮೇಲೆ ಕಾರ್ಯದರ್ಶಿಯ ಕಡೆ ತಿರುಗಿ, “ನೋಡಿ, ನೀವು ಬರೆದಿದ್ದು ಯಾರ ಕಿವಿಗೂ ಬೀಳಬಾರದು ಅಂತಲೇ ಬರೆದಿದ್ದು. ಬಹಳ ಚೆನ್ನಾಗಿ ಬರೆದಿದ್ದೀರಿ. ಇದು ಬೇಡ,” ಎಂದರು.

“ಸಾರ್, ಬಿಡಿಸಿ ಹೇಳಿದ್ರೆ ಜನ ಸುಮ್ನಿರಲ್ಲ.”

“ಬಿಲ್ಲು ಬಂದ ದಿನ ಹೇಗೂ ಸುಮ್ನಿರಲ್ಲ. ಅವತ್ತು ನಾನು ಮೊದಲೇ ಹೇಳಿದ್ದೆ ಅನ್ನೋ ಮರ್ಯಾದೆಯಾದ್ರೂ ಇರಲಿ.”

ಮಾರನೆಯ ದಿನ ಅವರು ಸಭೆಯಲ್ಲಿ ಹೇಳಿದ್ದು ರೇಡಿಯೋದಲ್ಲಿ ಬಂತು. ಮಗನ ಅಂಗಡಿಯಲ್ಲಿ ಎಲ್ಲರೂ ಮಿಷನ್ ನಿಲ್ಲಿಸಿ ಕೇಳಿದರು. ಬೆಲೆ ಏರುತ್ತದೆ, ಇಷ್ಟು ಏರುತ್ತದೆ. ಆ ದುಡ್ಡಲ್ಲಿ ತಂತಿ ಬದಲಾಗುತ್ತದೆ, ಹೊಸ ಯಂತ್ರ ಬರುತ್ತದೆ. ಎರಡು ವರ್ಷ ಕೊಡಿ. ಎರಡು ವರ್ಷದ ಮೇಲೆ ಈ ನಗರದ ಯಾವ ಬೀದಿಯಲ್ಲಾದರೂ ಮಧ್ಯಾಹ್ನ ಕರೆಂಟು ಹೋದರೆ ನಾನು ಈ ಕುರ್ಚಿಯಲ್ಲಿ ಇರುವುದಿಲ್ಲ. ಅಷ್ಟೇ ಭಾಷಣ. ಅವರ ಪಕ್ಷದವರೇ ಒಬ್ಬರ ಮುಖ ಒಬ್ಬರು ನೋಡಿಕೊಂಡರಂತೆ. ಹಾಗೆ ಕುರ್ಚಿಯನ್ನು ಪಣಕ್ಕಿಡಲು ಇವರಿಗೆ ಯಾರೂ ಹೇಳಿರಲಿಲ್ಲ.

ಮಗ ರೇಡಿಯೋ ಕಿವಿ ತಿರುಚಿ ಆರಿಸಿ ನನ್ನ ಅಂಗಡಿಗೆ ಬಂದ. ಮೊನ್ನೆಯವರೆಗೂ ನಮ್ಮ ಮೇಷ್ಟ್ರು ಎನ್ನುತ್ತಿದ್ದವನು ಈಗ, “ನೋಡಿದ್ಯಾ ನಿನ್ನ ಮೇಷ್ಟ್ರು ಮಾಡಿದ ಕೆಲ್ಸ?” ಎಂದ.

ಆ ಭಾನುವಾರ ಮೇಷ್ಟ್ರೇ ಬಂದರು. ಕಾರನ್ನು ದೊಡ್ಡ ರಸ್ತೆಯಲ್ಲಿ ಬಿಟ್ಟು ನಡೆದು ಬಂದರು. ಅವರನ್ನು ನೋಡಿ ಮಗ ನೇರವಾಗಿ ಒಳಗೆ ಬಂದ. ಮುಖ ಗಂಟು ಹಾಕಿಕೊಂಡಿದ್ದ.

“ಮೇಷ್ಟ್ರೆ, ಒಂದು ಮಾತು. ನಿಮ್ಮ ಅಂಗಿ ಹೊಲಿಯೋ ಮಿಷನ್‌ಗೆ ಕರೆಂಟ್ ಬೇಕಾಗಿಲ್ಲ. ಅದಕ್ಕೇ ನಿಮಗೆ ನಮ್ಮ ಕಷ್ಟ ಗೊತ್ತಾಗಲ್ಲ.”

“ಲೋ!” ಎಂದೆ ನಾನು.

“ನೀವು ಸುಮ್ನಿರಿ ಅಕ್ಕಾ, ಅವನು ಹೇಳಲಿ,” ಎಂದರು ಮೇಷ್ಟ್ರು.

“ಇನ್ನೇನು ಹೇಳೋದು? ಈಗ್ಲೇ ಅರ್ಧ ದಿನ ಮಿಷನ್ ಓಡಲ್ಲ. ಓಡದೆ ಇರೋ ಮಿಷನ್‌ಗೆ ಜಾಸ್ತಿ ಬಿಲ್ಲು ಕಟ್ಟಬೇಕಾ? ಇಬ್ಬರು ಹುಡುಗಿಯರನ್ನ ಬಿಡಬೇಕಾಗುತ್ತೆ ನಾನು. ನಮ್ಮಂಥ ಚಿಕ್ಕೋರಿಗೆ ಏನಾದ್ರೂ ಒಂದು ರಿಯಾಯಿತಿ ಮಾಡಿ. ಇಲ್ಲಾಂದ್ರೆ ಈ ಅಂಗಡಿಗಾದ್ರೂ ಮಾಡಿ. ಅಮ್ಮನ ಮುಖ ನೋಡಿ.”

ಮೇಷ್ಟ್ರು ನನ್ನ ಮುಖ ನೋಡಲಿಲ್ಲ, ನೆಲ ನೋಡಿದರು. “ಈ ಅಂಗಡಿಗೆ ಮಾಡಿದ್ರೆ ನಾಳೆಯಿಂದ ನಾನು ಮಂತ್ರಿ ಅಲ್ಲಪ್ಪ, ನಿಮ್ಮ ಮನೆ ನೆಂಟ. ನೆಂಟನಿಗೆ ಈ ಕೆಲಸ ಯಾಕೆ ಕೊಡ್ತಾರೆ? ನೀನು ಹೇಳಿದ್ದೆಲ್ಲಾ ನಿಜ. ಎರಡು ವರ್ಷ ನಿನಗೆ ಕಷ್ಟವೇ. ಆಮೇಲೆ ನಿನ್ನ ಮಿಷನ್‌ಗಳು ನಿಲ್ಲಲ್ಲ. ನಿಂತ್ರೆ ಬಂದು ನನ್ನ ಕೇಳು.”

“ಕೇಳೋಕೆ ನೀವೆಲ್ಲಿರ್ತೀರೋ!” ಎಂದು ಮಗ ಹೊರಟುಹೋದ.

ಇಬ್ಬರು ಹುಡುಗಿಯರನ್ನು ಬಿಡಲೇಬೇಕಾಯಿತು. ಮೂಲೆಯ ಎರಡು ಮಿಷನ್‌ಗೆ ಬಟ್ಟೆ ಹೊದಿಸಿದ. ಮಗ ಮೇಷ್ಟ್ರ ಹತ್ತಿರ ಮಾತು ಬಿಟ್ಟ, ನನ್ನ ಹತ್ತಿರ ಅರ್ಧ ಬಿಟ್ಟ. ಊಟಕ್ಕೆ ಕರೆದರೆ ಬರುವನು, ತಟ್ಟೆ ನೋಡಿಕೊಂಡು ಊಟ ಮಾಡಿ ಏಳುವನು. ನನ್ನ ಮನಸ್ಸಿಗೂ ಕಷ್ಟವಾಗದೆ ಇರಲಿಲ್ಲ. ಆದರೂ ಮೇಷ್ಟ್ರ ಮೇಲೆ ನನಗಿದ್ದ ಗೌರವ ಆ ದಿನ ಹೆಚ್ಚಿತೇ ವಿನಾ ಕಡಿಮೆಯಾಗಲಿಲ್ಲ. ನನ್ನ ಎದುರು ಕೂತು ನನ್ನ ಮಗನಿಗೆ ಇಲ್ಲ ಎನ್ನುವುದು ಅವರಿಗೆ ಸಭೆಯಲ್ಲಿ ನಿಂತು ಮಾತಾಡಿದ್ದಕ್ಕಿಂತ ಕಷ್ಟವಾಗಿತ್ತು. ನಾನು ಅವರ ಕೈ ನೋಡಿದ್ದೆ, ಪೆನ್ಸಿಲನ್ನು ಸುಮ್ಮನೆ ತಿರುಗಿಸುತ್ತಿದ್ದರು.

ಆ ಎರಡು ವರ್ಷ ಅವರು ದುಡಿದ ರೀತಿ ಹೇಳಬೇಕು. ಕೋಟು ಬಿಟ್ಟು ತೋಳು ಮಡಿಚಿ ತಂತಿ ಎಳೆಯುವವರ ಜೊತೆ ನಿಂತಿರುತ್ತಿದ್ದರು. ನನ್ನ ಹತ್ತಿರ ಬಂದ ಅಂಗಿಗಳೇ ಸಾಕ್ಷಿ. ಮೊದಲು ಕಾಲರು ಸವೆಯುತ್ತಿತ್ತು, ಈಗ ಮೊಣಕೈ ಹರಿದು ಗ್ರೀಸು ಹತ್ತಿ ಬರುತ್ತಿತ್ತು. ಒಂದೊಂದೇ ಬಡಾವಣೆಯಲ್ಲಿ ಮಧ್ಯಾಹ್ನ ಕರೆಂಟು ಹೋಗುವುದು ನಿಂತಿತು. ನದಿಯಾಚೆ ಸರಿಹೋಯಿತು, ಆಸ್ಪತ್ರೆಯ ಕಡೆ ಸರಿಹೋಯಿತು. “ಆಪರೇಷನ್ ನಡುವೆ ದೀಪ ಹೋಗಿ ವರ್ಷ ಆಯ್ತಕ್ಕಾ,” ಎಂದು ಅವರ ಹೆಂಡತಿ ಹೇಳಿದಳು. ಹೇಳುವಾಗ ಅವಳ ಮುಖ ಅರಳಿತು, ಕೂಡಲೇ “ನಲ್ಲಿ ಇನ್ನೂ ಸೋರ್ತಿದೆ,” ಎಂದೂ ಸೇರಿಸಿದಳು.

ಉಳಿದದ್ದು ರೈಲು ಹಳಿಯ ಈಚೆಗಿನ ನಮ್ಮ ಕೆಲವು ಬೀದಿಗಳು. ಇಲ್ಲಿಗೆ ಬೇಕಾದ ದೊಡ್ಡ ಟ್ರಾನ್ಸ್‌ಫಾರ್ಮರ್ ಹಡಗಿನಲ್ಲಿ ಬರಬೇಕಾಗಿತ್ತು. ಹಡಗು ತಡವಾಯಿತು. ಅದು ಮೇಷ್ಟ್ರ ಕೈಯಲ್ಲಿ ಇದ್ದ ವಿಷಯವಲ್ಲ. ಎರಡು ವರ್ಷ ತುಂಬುವ ದಿನ ಹತ್ತಿರ ಬಂತು. ದಿನದಲ್ಲಿ ಒಂದೇ ಗಂಟೆ ಹೋಗುತ್ತದೆ, ಅದೂ ಕೆಲವು ದಿನ. ಮೊದಲಿಗೆ ಹೋಲಿಸಿದರೆ ಅದು ಲೆಕ್ಕವೇ ಅಲ್ಲ. ಪಕ್ಷದವರೂ ಹಾಗೆಯೇ ಹೇಳಿದರಂತೆ. ಕಾರ್ಯದರ್ಶಿ, ಇದನ್ನು ಕರೆಂಟು ಹೋಗುವುದು ಎನ್ನುವುದು ಬೇಡ, ದುರಸ್ತಿ ಸಮಯ ಎನ್ನೋಣ ಎಂದನಂತೆ.

ಎರಡು ವರ್ಷ ತುಂಬಿದ ದಿನ ಮಧ್ಯಾಹ್ನ ಮೇಷ್ಟ್ರು ಬಂದರು. ಕಾರ್ಯದರ್ಶಿಯೂ ಜೊತೆಗಿದ್ದ, ಬಾಗಿಲ ಹೊರಗೆ ನಿಂತ. ಮರುದಿನ ಸಭೆಗೆ ಕೊಡುವ ಹೇಳಿಕೆ ಮೇಷ್ಟ್ರ ಕೈಯಲ್ಲಿತ್ತು. ಸ್ವಂತ ಕೈಬರಹ. ಸ್ಟೂಲ್ ಎಳೆದುಕೊಂಡು ಕೂತರು. ನಾನು ಒಂದು ಪರದೆಯ ಅಂಚು ಮಡಿಚಿ ಹೊಲಿಯುತ್ತಿದ್ದೆ, ಉದ್ದನೆಯ ನೇರ ಹೊಲಿಗೆ. ಗೋಡೆಯಾಚೆ ಮಗನ ಮೋಟಾರ್‌ಗಳು ಓಡುತ್ತಿದ್ದವು.

ಹೇಳಿಕೆ ಒಳ್ಳೆಯ ಮಾತಿನಲ್ಲಿ ಇತ್ತು. ಬೆಲೆ ಏರಿಸಿದ್ದು, ಜನ ತಡೆದುಕೊಂಡದ್ದು, ಅವರಿಗೆ ವಂದನೆ, ಆದ ಕೆಲಸ ಏನೇನು. ಎಲ್ಲವೂ ನನಗೆ ತಿಳಿಯಿತು. “ಕೊಟ್ಟ ಮಾತಿನ ಬಹುಪಾಲು ಈಡೇರಿದೆ” ಎಂದು ಓದಿದರು. ಸುಳ್ಳೇನೂ ಅಲ್ಲ. ನನ್ನ ಕಾಲು ನಿಲ್ಲಲಿಲ್ಲ.

ಆ ಮಾತಿನ ಬೆನ್ನಿಗೇ ಗೋಡೆಯಾಚೆಯ ಮೋಟಾರ್‌ಗಳು ಒಟ್ಟಿಗೆ ಸುಮ್ಮನಾದವು. ತಲೆಯ ಮೇಲಿನ ಫ್ಯಾನು ಎರಡು ಸುತ್ತು ತಿರುಗಿ ನಿಂತಿತು. ಹುಡುಗಿಯರು ಮೆಟ್ಟಿಲಿಗೆ ಬರುವ ಚಪ್ಪಲಿ ಸದ್ದು ಕೇಳಿತು. ಅಂಗಡಿಯಲ್ಲಿ ನನ್ನ ಮಿಷನ್ನಿನದೊಂದೇ ಟಕಟಕ.

ಮೇಷ್ಟ್ರು ಓದುವುದು ನಿಲ್ಲಿಸಿದರು. ಗೋಡೆಯ ಕಡೆ ಕಿವಿ ಕೊಟ್ಟರು.

“ನಂದು ನಿಂತಿಲ್ಲ ಮೇಷ್ಟ್ರೆ, ಓದಿ,” ಎಂದೆ.

“ಪಕ್ಕದ್ದು ನಿಂತ್ವಲ್ಲ ಅಕ್ಕಾ.”

ಕಿಸೆಯಿಂದ ಪೆನ್ಸಿಲ್ ತೆಗೆದು ‘ಬಹುಪಾಲು’ ಎಂಬ ಮಾತಿನ ಕೆಳಗೆ ಗೆರೆ ಎಳೆದರು. ನನ್ನ ಮಿಷನ್ ಓಡುತ್ತಿರುವಾಗಲೇ ಅವರು ಎಳೆದ ಗೆರೆ ಅದೊಂದೇ. ಬಾಗಿಲಿಂದ ಕಾರ್ಯದರ್ಶಿ, “ಸಾರ್, ಒಂದು ಗಂಟೇಲಿ ಬಂದುಬಿಡುತ್ತೆ ಸಾರ್,” ಎಂದ.

“ಬರುತ್ತೆ. ನಾನು ಹೇಳಿದ್ದು ಹೋಗಲ್ಲ ಅಂತ.”

ಮರುದಿನ ಸಭೆಯಲ್ಲಿ ಎದ್ದು ನಿಂತು, ನಾನು ಹೇಳಿದ ದಿನ ಬಂದಿದೆ, ನಿನ್ನೆ ಮಧ್ಯಾಹ್ನ ಕಾಲೇಜಿನ ಹಿಂದಿನ ಬೀದಿಯಲ್ಲಿ ಕರೆಂಟು ಹೋಯಿತು, ನಾನು ಅಲ್ಲೇ ಇದ್ದೆ ಎಂದರು. ರಾಜೀನಾಮೆ ಕೊಟ್ಟು ಮನೆಗೆ ನಡೆದು ಬಂದರು. ಸರ್ಕಾರಿ ಕಾರನ್ನು ಅಲ್ಲಿಯೇ ಬಿಟ್ಟಿದ್ದರು.

ಮೊದಲು ಅವರ ಮನೆ ಬಾಗಿಲು ತಟ್ಟಿದವನು ನನ್ನ ಮಗ. ನಾನೂ ಅವನ ಹಿಂದೆಯೇ ಓಡಿದೆ, ಏನು ಕೂಗಾಡುವನೋ ಎಂದು. ಅವನು ಕೂಗಾಡಿದ್ದು ನಿಜ.

“ಏನು ಮೇಷ್ಟ್ರೆ ಇದು? ಒಂದು ಗಂಟೆ ಹೋಗಿದ್ದನ್ನ ಯಾರು ಲೆಕ್ಕ ಇಡ್ತಾರೆ?”

“ನೀನೇ ಇಡ್ತಿದ್ದೆಯಲ್ಲೋ. ನಿಂತ್ರೆ ಬಂದು ಕೇಳು ಅಂತ ನಾನಂದಿದ್ದೆ. ಕೇಳೋಕೆ ನೀವೆಲ್ಲಿರ್ತೀರೋ ಅಂತ ನೀನಂದೆ. ಇಲ್ಲೇ ಇದೀನಿ, ಕೇಳು.”

ಮಗ ಸೀದಾ ಅಡುಗೆಮನೆಗೆ ಹೋಗಿ, ಸೋರುವ ನಲ್ಲಿಯನ್ನು ಕಳಚಿ ಹೊಸ ವಾಷರು ಹಾಕಿ ಸರಿಮಾಡಿ, ಒಂದು ಮಾತೂ ಆಡದೆ ಹೊರಟ. ಮೇಷ್ಟ್ರ ಹೆಂಡತಿ ನಲ್ಲಿ ತಿರುಗಿಸಿ ನೋಡಿ, “ಈ ಮಂತ್ರಿಗಿರಿಯಿಂದ ಈ ಮನೆಗೆ ಆದ ಲಾಭ ಇದೊಂದೇ,” ಎಂದಳು. ನಗಲು ಹೋಗಿ ಅತ್ತಳು.

ಎಲ್ಲರೂ ಹೊಗಳಿದರು ಎಂದು ನಾನು ಬರೆಯುವುದಿಲ್ಲ. ಬೆಲೆ ಏರಿಸಿ ಓಡಿಹೋದ ಎಂದವರೂ ಇದ್ದರು. ನಮ್ಮ ಬೀದಿ ಕೊನೆಯ ಅಂಗಡಿಯವನೊಬ್ಬ ಹಾಗೆಂದದ್ದಕ್ಕೆ ನನ್ನ ಮಗ ಕುತ್ತಿಗೆಯಲ್ಲಿ ಟೇಪು ಇದ್ದಂತೆಯೇ ಬೀದಿಗೆ ಇಳಿದ. ಇಬ್ಬರನ್ನೂ ಬಿಡಿಸಬೇಕಾಯಿತು. ಇನ್ನು ಕೆಲವರು, ಇದ್ದು ಕೆಲಸ ಮುಗಿಸಬೇಕಿತ್ತು, ಅಷ್ಟು ಹಟ ಒಳ್ಳೆಯದಲ್ಲ ಎಂದರು. ಆ ಮಾತಿನಲ್ಲಿ ಸ್ವಲ್ಪ ನಿಜ ಇದೆ ಅಂತ ನನಗೂ ಅನಿಸಿದೆ. ಅವರಿಗೆ ಹಟ ಇತ್ತು. ಹೆಂಡತಿ ಹೇಳುತ್ತಿದ್ದಳು, “ಇಡೀ ಊರಿನ ಎದುರು ತಪ್ಪಾಯ್ತು ಅನ್ನೋಕೆ ಇವರಿಗೆ ಸುಲಭ. ಉಪ್ಪು ತರೋದು ಮರೆತೆ ಅನ್ನೋಕೆ ಮಾತ್ರ ನಾಲಿಗೆ ಏಳಲ್ಲ.”

ಮುಂದಿನ ಬೇಸಿಗೆಗೆ ಹಡಗು ಬಂತು, ಟ್ರಾನ್ಸ್‌ಫಾರ್ಮರ್ ಬಂತು. ಹೊಸ ಮಂತ್ರಿಗಳು ಬಂದು ರಿಬ್ಬನ್ ಕತ್ತರಿಸಿದರು. ಅದಕ್ಕೆ ಕತ್ತರಿ ಕೊಟ್ಟವಳು ನಾನೇ, ಅವರು ತಂದಿದ್ದು ಮೊಂಡಾಗಿತ್ತು. ಮೇಷ್ಟ್ರ ಹೆಸರನ್ನು ಯಾರೂ ಎತ್ತಲಿಲ್ಲ. ಆ ದಿನದಿಂದ ಈ ದಿನದವರೆಗೆ ನಮ್ಮ ಬೀದಿಯಲ್ಲಿ ಮಧ್ಯಾಹ್ನದ ಕರೆಂಟು ಹೋದದ್ದಿಲ್ಲ. ಮಗ ಮೂಲೆಯ ಎರಡು ಮಿಷನ್‌ಗಳ ಬಟ್ಟೆ ತೆಗೆದ, ಬಿಟ್ಟ ಹುಡುಗಿಯರನ್ನು ಕರೆಸಿಕೊಂಡ. ಮೇಷ್ಟ್ರು ಅದೇ ಕಾಲೇಜಿಗೆ ಪಾಠಕ್ಕೆ ಹೋದರು. ಅಂಗಡಿಗೂ ಬರುತ್ತಿದ್ದರು, ಆದರೆ ಸಂಜೆ ಹೊತ್ತು. ಮಧ್ಯಾಹ್ನ ಬರುತ್ತಿರಲಿಲ್ಲ. ಕರೆಂಟಿನ ಮಾತು ಎತ್ತುತ್ತಿರಲಿಲ್ಲ. ಕೇಳಿದರೆ ತಾನೇ ಮಾಡಿದ್ದು ಎಂದು ಹೇಳಿಕೊಂಡಂತಾಗುತ್ತದೆ ಎಂದೋ, ಇನ್ನೂ ಹೋಗುತ್ತದೆ ಎಂಬ ಉತ್ತರ ಬಂದೀತು ಎಂದೋ, ನನಗೆ ತಿಳಿಯದು. ಅವರು ಕೇಳದ್ದನ್ನು ನಾನಾಗಿ ಹೇಳಲು ಹೋಗಲಿಲ್ಲ. ಮಗನಿಗೂ ಬೇಡ ಎಂದಿದ್ದೆ. ಅವರ ಹಟ ನನಗೂ ಸ್ವಲ್ಪ ಅಂಟಿತ್ತು.

ಅವರು ತೀರಿಕೊಂಡ ಮೇಲೆ ಪತ್ರಿಕೆಗಳಲ್ಲಿ ಬಂದದ್ದನ್ನು ಮೊಮ್ಮಗಳು ಓದಿ ಹೇಳಿದಳು. ಎಲ್ಲಿ ಓದಿದರು, ಏನು ಬರೆದರು, ಎಷ್ಟು ಕಾಲ ಮಂತ್ರಿಯಾಗಿದ್ದರು, ಎಲ್ಲ ಸರಿಯಾಗಿಯೇ ಇದೆ. ನಾನು ಬರೆದದ್ದು ಅದರಲ್ಲಿ ಇಲ್ಲದ್ದನ್ನು.

ಕೊನೆಗೆ ಎದೆಯ ಕಾಯಿಲೆ ಬಂದು ಮಲಗಿದರು. ನಾನು ದಿನ ಬಿಟ್ಟು ದಿನ ಹೋಗಿ ಮಂಚದ ಪಕ್ಕ ಕೂರುತ್ತಿದ್ದೆ. ಸುಮ್ಮನೆ ಕೂತರೆ ಅವರಿಗೆ ಕಸಿವಿಸಿ, ಅದಕ್ಕೆ ಕೈಹೊಲಿಗೆ ತೆಗೆದುಕೊಂಡು ಹೋಗುತ್ತಿದ್ದೆ. ಒಂದು ಮಧ್ಯಾಹ್ನ ಒಯ್ದದ್ದು ಅವರದೇ ಅಂಗಿ, ಕಾಲರು ಬಿಚ್ಚಿ ತಿರುಗಿಸುತ್ತಿದ್ದೆ. ಬಿಸಿಲು ಕಿಟಕಿಯಿಂದ ಮಂಚದ ಕಾಲಿನವರೆಗೆ ಬಂದಿತ್ತು. ಹೆಂಡತಿ ಒಳಗೆ ಔಷಧಿ ಕುಡಿಸಲು ನೀರು ಬಿಸಿ ಮಾಡುತ್ತಿದ್ದಳು. ಮೇಷ್ಟ್ರು ಕಣ್ಣು ಮುಚ್ಚಿಕೊಂಡಿದ್ದರು, ನಿದ್ದೆ ಎಂದುಕೊಂಡೆ. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಅವರು ಕಣ್ಣು ತೆರೆದು ಅದನ್ನೇ ನೋಡುತ್ತಿದ್ದಾರೆಂದು ಆಮೇಲೆ ಗೊತ್ತಾಯಿತು.

“ಅಕ್ಕಾ,” ಎಂದರು. ಉಸಿರು ತೆಗೆದುಕೊಂಡರು. ನನ್ನ ಸೂಜಿ ನಿಂತಿತು.

“ಮಧ್ಯಾಹ್ನದ ಹೊತ್ತು, ಪಕ್ಕದ ಮಿಷನ್‌ಗಳು ಈಗ್ಲೂ ನಿಲ್ತಾವಾ?”